ಉತ್ತರ ಸರಿಯೇ? ಸಮೀಕರಣವನ್ನೇ ಕೇಳಲಿ



ಗಣಿತದ ಅವಧಿಯಲ್ಲಿ ನಾವೆಲ್ಲ ದಿನವೂ ಕೇಳಿಸಿಕೊಳ್ಳುವ ಪ್ರಶ್ನೆಯೊಂದಿದೆ. ಲೆಕ್ಕ ಮುಗಿಸಿದ ಮಗು ನೋಟ್‌ಬುಕ್ ಹಿಡಿದು ಮೇಜಿನ ಬಳಿ ಬಂದು, "ಸಾರ್, ಸರಿ ಇದೆಯಾ?" ಎನ್ನುತ್ತದೆ. ನಾವು ಉತ್ತರದ ಸಾಲನ್ನಷ್ಟೇ ನೋಡಿ ಸರಿ ಅಥವಾ ತಪ್ಪು ಗುರುತು ಹಾಕಿ ಕಳಿಸುತ್ತೇವೆ. ಸರಿ ಏಕೆ ಸರಿ, ತಪ್ಪು ಏಕೆ ತಪ್ಪು ಎಂದು ಮಗುವೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಒಂದು ನದಿ ಎಲ್ಲಿ ಹುಟ್ಟುತ್ತದೆ, ಒಂದು ಯುದ್ಧ ಯಾವ ಇಸವಿಯಲ್ಲಿ ನಡೆಯಿತು ಎಂಬುದನ್ನು ತಿಳಿಯಲು ಪುಸ್ತಕವನ್ನೋ ಗುರುಗಳನ್ನೋ ಕೇಳಲೇಬೇಕು. ಆದರೆ ಸಮೀಕರಣದ ಉತ್ತರ ಸರಿಯೇ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಪುಸ್ತಕದ ಕೊನೆಯ ಪುಟ ತಿರುವಬೇಕಾಗಿಯೂ ಇಲ್ಲ. ಪ್ರಶ್ನೆಯ ಒಳಗೇ ಅದರ ಪರೀಕ್ಷೆಯೂ ಇದೆ. ಹೀಗಿದ್ದೂ ಆ ಪರೀಕ್ಷೆಯನ್ನು ಮಕ್ಕಳ ಕೈಗೆ ಕೊಡದೆ ನಮ್ಮ ಬಳಿಯೇ ಇಟ್ಟುಕೊಂಡಿದ್ದೇವೆ. ಇದನ್ನು ಬದಲಿಸಬೇಕು ಎಂಬುದೇ ಈ ಲೇಖನದ ವಾದ.

ತಾಳೆ ನೋಡುವುದು

ಪಠ್ಯಪುಸ್ತಕಗಳು ಅಜ್ಞಾತ ಸಂಖ್ಯೆಯನ್ನು ಎಕ್ಸ್ ಎಂಬ ಅಕ್ಷರದಿಂದ ಸೂಚಿಸುತ್ತವೆ. ಇಲ್ಲಿ ನಾವು 'ಯ' ಎಂದು ಬರೆಯೋಣ. ಇದಕ್ಕೆ ಕಾರಣವೂ ಇದೆ. ನಮ್ಮ ದೇಶದ ಹಳೆಯ ಬೀಜಗಣಿತಜ್ಞರು ಅಜ್ಞಾತ ಸಂಖ್ಯೆಯನ್ನು 'ಯಾವತ್ತಾವತ್' ಎಂದು ಕರೆದು, ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು. ಆ ಮಾತಿನ ಅರ್ಥ 'ಎಷ್ಟೋ ಅಷ್ಟು'. ಎರಡನೆಯ ಅಜ್ಞಾತ ಬೇಕಾದರೆ 'ಕಾಲಕ', ಅಂದರೆ ಕಪ್ಪು. ಮೂರನೆಯದು ಬೇಕಾದರೆ 'ನೀಲಕ', ಅಂದರೆ ನೀಲಿ. ಹೀಗೆ ಬಣ್ಣಗಳ ಹೆಸರಿಡುತ್ತಾ ಹೋಗುತ್ತಿದ್ದರು. ಗೊತ್ತಿಲ್ಲದ್ದಕ್ಕೂ ಒಂದು ಹೆಸರಿಟ್ಟು ಲೆಕ್ಕ ಮುಂದುವರಿಸಬಹುದು ಎಂಬುದೇ ಬೀಜಗಣಿತದ ಮೊದಲ ಪಾಠ.

ಈಗ ಈ ಸಮೀಕರಣ ನೋಡಿ:

3ಯ + 5 = 26

ಯಾವ ಸಂಖ್ಯೆಯನ್ನು ಮೂರರಿಂದ ಗುಣಿಸಿ ಐದು ಕೂಡಿಸಿದರೆ 26 ಬರುತ್ತದೆ ಎಂಬುದು ಪ್ರಶ್ನೆ. ಒಂದು ಮಗು 26ಕ್ಕೆ 5 ಕೂಡಿಸಿ 31 ಮಾಡಿ, ಮೂರರಿಂದ ಭಾಗಿಸಿ, ಹತ್ತೂ ಮೂರನೇ ಒಂದು ಎಂದು ಬರೆದಿದೆ ಎನ್ನೋಣ. ನಾವು ತಪ್ಪು ಗುರುತು ಹಾಕಿದರೆ ತನ್ನ ಉತ್ತರ ತಪ್ಪು ಎಂಬುದು ಅದಕ್ಕೆ ತಿಳಿಯಿತು, ಅಷ್ಟೇ. ಅದರ ಬದಲು, "ನಿನ್ನ ಉತ್ತರವನ್ನು ಯ ಇರುವ ಜಾಗದಲ್ಲಿ ಇಟ್ಟು ನೋಡು" ಎನ್ನಿ. ಮೂರರಿಂದ ಗುಣಿಸಿದರೆ 31, ಐದು ಕೂಡಿಸಿದರೆ 36. ಬೇಕಾದದ್ದು 26. ಹತ್ತು ಹೆಚ್ಚಾಯಿತು. ಐದನ್ನು ಕಳೆಯುವ ಬದಲು ಕೂಡಿಸಿದ್ದರಿಂದಲೇ ಎರಡು ಐದು, ಅಂದರೆ ಹತ್ತು ಹೆಚ್ಚಾಗಿದೆ ಎಂದು ಜಾಣ ಮಗು ತಾನೇ ಕಂಡುಕೊಳ್ಳುತ್ತದೆ. 7 ಇಟ್ಟು ನೋಡಿದರೆ 21 + 5 = 26. ತಾಳೆಯಾಯಿತು.

ಅಕ್ಷರದ ಜಾಗದಲ್ಲಿ ಬೆಲೆ ಇಡುವುದನ್ನು ನಾವು 'ಆದೇಶಿಸುವುದು' ಎನ್ನುತ್ತೇವೆ. ಸಮೀಕರಣ ಬಿಡಿಸಲು ಕಲಿಸುವ ಮೊದಲೇ ಇದನ್ನು ಕಲಿಸಬೇಕು. ಮಕ್ಕಳು 1, 2, 3 ಎಂದು ಒಂದೊಂದೇ ಇಟ್ಟು 8, 11, 14 ಎಂದು ಪಟ್ಟಿ ಮಾಡುತ್ತಾ ಹೋಗಲಿ. ಯ ಒಂದು ಹೆಚ್ಚಾದಾಗಲೆಲ್ಲ ಬೆಲೆ ಮೂರು ಹೆಚ್ಚುತ್ತದೆ ಎಂದು ಅವರೇ ಹೇಳುತ್ತಾರೆ. ಸಮೀಕರಣ ಎಂದರೆ ಒಂದು ಪ್ರಶ್ನೆ, ಉತ್ತರ ಎಂದರೆ ಆ ಪ್ರಶ್ನೆಗೆ ಒಪ್ಪುವ ಸಂಖ್ಯೆ ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

'ಆ ಕಡೆ ಹೋದರೆ ಚಿಹ್ನೆ ಬದಲು'

ಈ ವಾಕ್ಯವನ್ನು ನಮ್ಮ ತರಗತಿಗಳಿಂದ ಕೆಲವು ವರ್ಷಗಳ ಮಟ್ಟಿಗಾದರೂ ದೂರ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಪಕ್ಷಾಂತರ ತಪ್ಪಲ್ಲ. ಆದರೆ ಕಾರಣ ಹೇಳದೆ ಕೊಟ್ಟಾಗ ಅದು ಮಂತ್ರವಾಗುತ್ತದೆ. ಸಮ ಚಿಹ್ನೆ ದಾಟಿದ ಕೂಡಲೇ +5 ಏಕೆ –5 ಆಗುತ್ತದೆ? ಗುಣಿಸುತ್ತಿದ್ದ 3 ದಾಟಿದಾಗ –3 ಆಗದೆ ಭಾಜಕವಾಗುವುದೇಕೆ? ಮಂತ್ರ ಇದಕ್ಕೆ ಉತ್ತರ ಕೊಡುವುದಿಲ್ಲ. ಹಾಗಾಗಿಯೇ ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ.

ತಕ್ಕಡಿ ಇದಕ್ಕೆ ಉತ್ತರ ಕೊಡುತ್ತದೆ. ಎರಡೂ ತಟ್ಟೆ ಸಮನಾಗಿ ನಿಂತಿವೆ. ಎಡಗಡೆಯಿಂದ 5 ತೆಗೆದರೆ ಬಲಗಡೆಯಿಂದಲೂ 5 ತೆಗೆಯಬೇಕು. ಆಗ 3ಯ = 21. ಎರಡೂ ಕಡೆ ಮೂರು ಸಮಪಾಲು ಮಾಡಿದರೆ ಯ = 7. ಇಲ್ಲಿ ಯಾವುದೂ ಎಲ್ಲಿಗೂ ಹೋಗಲಿಲ್ಲ, ಯಾವ ಚಿಹ್ನೆಯೂ ತಾನಾಗಿ ಬದಲಾಗಲಿಲ್ಲ.

'ಆಲ್ಜಿಬ್ರಾ' ಎಂಬ ಪದದಲ್ಲೇ ಈ ಅರ್ಥವಿದೆ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಬರೆದ ಅರಬ್ಬಿ ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಮಾತಿನಿಂದ ಅದು ಬಂದಿದೆ. ಕೊರತೆಯಾದದ್ದನ್ನು ತುಂಬಿ ಸರಿಪಡಿಸುವುದು ಎಂದು ಅದರ ಅರ್ಥ. ಒಂದು ಕಡೆ ಕಳೆದಿರುವುದನ್ನು ಎರಡೂ ಕಡೆ ಕೂಡಿಸಿ ತುಂಬುವ ಕ್ರಿಯೆಗೆ ಅವರು ಆ ಹೆಸರು ಕೊಟ್ಟರು.

ಒಂದರ ಜಾಗದಲ್ಲಿ ಇನ್ನೊಂದು

ಆದೇಶಿಸುವುದು ಎಂದರೆ ಸಂಖ್ಯೆ ಇಡುವುದು ಮಾತ್ರವಲ್ಲ. ಒಂದು ಅಕ್ಷರದ ಜಾಗದಲ್ಲಿ ಅದಕ್ಕೆ ಸಮನಾದ ಬೀಜೋಕ್ತಿಯನ್ನೂ ಇಡಬಹುದು. ಹಳ್ಳಿಯ ಮಕ್ಕಳಿಗೆ ಗೊತ್ತಿರುವ ಲೆಕ್ಕವನ್ನೇ ತೆಗೆದುಕೊಳ್ಳಿ. ಹಟ್ಟಿಯಲ್ಲಿ ಕುರಿ, ಕೋಳಿ ಸೇರಿ 12 ತಲೆ, 34 ಕಾಲು. ಕುರಿ ಎಷ್ಟು, ಕೋಳಿ ಎಷ್ಟು?

ಕುರಿಗಳು ಯ, ಕೋಳಿಗಳು ಕ ಎಂದಿರಲಿ. ಯ + ಕ = 12, 4ಯ + 2ಕ = 34. ಗೊತ್ತಿಲ್ಲದ್ದು ಎರಡಿವೆ. ಆದರೆ 12 ತಲೆಗಳಲ್ಲಿ ಕುರಿ ಬಿಟ್ಟು ಉಳಿದವೆಲ್ಲ ಕೋಳಿಯೇ, ಅಂದರೆ ಕ = 12 – ಯ. ಎರಡನೆಯ ಸಮೀಕರಣದಲ್ಲಿ ಕ ಇರುವ ಕಡೆ ಇದನ್ನು ಇಟ್ಟರೆ 4ಯ + 24 – 2ಯ = 34. ಆದ್ದರಿಂದ 2ಯ = 10, ಯ = 5. ಕುರಿ 5, ಕೋಳಿ 7. ತಾಳೆ ನೋಡೋಣ: ತಲೆ 5 + 7 = 12; ಕಾಲು 20 + 14 = 34.

ಅಕ್ಷರ ಗೊತ್ತಿಲ್ಲದ ಮಗುವೂ ಇದನ್ನು ಬಾಯಲ್ಲೇ ಬಿಡಿಸಬಲ್ಲದು. ಎಲ್ಲವೂ ಕೋಳಿ ಎಂದುಕೊಂಡರೆ 24 ಕಾಲು. 10 ಕಾಲು ಕಡಿಮೆ ಬಿತ್ತು. ಒಂದು ಕೋಳಿ ತೆಗೆದು ಕುರಿ ಇಟ್ಟರೆ ಎರಡು ಕಾಲು ಹೆಚ್ಚುತ್ತದೆ. ಹಾಗಾಗಿ ಕುರಿ ಐದು. ಮೇಲಿನ ಸಾಲುಗಳಲ್ಲಿ 24 ಮತ್ತು 10 ಎಲ್ಲಿವೆ ಎಂದು ಮಕ್ಕಳಿಂದಲೇ ಹುಡುಕಿಸಿ. ಬೀಜಗಣಿತವು ತಮ್ಮ ಬಾಯಿಲೆಕ್ಕವೇ ಬರಹದ ರೂಪದಲ್ಲಿ ಬಂದದ್ದು ಎಂದು ಅವರಿಗೆ ಗೊತ್ತಾಗಲಿ.

ಭಾಸ್ಕರಾಚಾರ್ಯರ ಕೋತಿಗಳು

ತಾಳೆಯಾದರೆ ಕೆಲಸ ಮುಗಿಯಿತೇ? ಇಲ್ಲ. ತಾಳೆ ಕಾಣಿಸಿಕೊಡದ ಒಂದು ತಪ್ಪು ಇದೆ. ಅದನ್ನು ತೋರಿಸಲು 12ನೇ ಶತಮಾನದ ಭಾಸ್ಕರಾಚಾರ್ಯರ 'ಬೀಜಗಣಿತ' ಗ್ರಂಥದಲ್ಲಿ ಒಳ್ಳೆಯ ಲೆಕ್ಕವೊಂದಿದೆ. ಒಂದು ಕೋತಿ ಹಿಂಡಿದೆ. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ. ಉಳಿದ 12 ಬೆಟ್ಟದ ಮೇಲಿವೆ. ಒಟ್ಟು ಕೋತಿಗಳೆಷ್ಟು?

ಒಂದು ಮಗು ಊಹೆ ಮಾಡಿ 16 ಎನ್ನುತ್ತದೆ. 16ರ ಎಂಟನೇ ಒಂದು ಭಾಗ 2, ಅದರ ವರ್ಗ 4, 4 + 12 = 16. ತಾಳೆಯಾಯಿತು. ಪಕ್ಕದ ಮಗು 48 ಎನ್ನುತ್ತದೆ. 48ರ ಎಂಟನೇ ಒಂದು ಭಾಗ 6, ವರ್ಗ 36, 36 + 12 = 48. ಅದೂ ತಾಳೆಯಾಯಿತು! ಇಬ್ಬರೂ ಸರಿ. ಹಾಗಾದರೆ ಮೂರನೆಯ ಉತ್ತರವೂ ಇರಬಹುದೇ? ಎಷ್ಟು ಸಂಖ್ಯೆ ಇಟ್ಟು ನೋಡಿದರೂ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ. ಇಟ್ಟ ಸಂಖ್ಯೆ ಸರಿಯೇ ಎಂದು ತಾಳೆ ಹೇಳುತ್ತದೆ. ಬಿಟ್ಟುಹೋದದ್ದು ಇದೆಯೇ ಎಂದು ಅದು ಹೇಳಲಾರದು. ಅದನ್ನು ಹೇಳುವುದು ಅಪವರ್ತನ.

ಹಿಂಡಿನ ಎಂಟನೇ ಒಂದು ಭಾಗವನ್ನು ಯ ಎಂದು ಕರೆಯೋಣ. ಆಗ ಹಿಂಡು 8ಯ. ಭಿನ್ನರಾಶಿಯ ತೊಡಕು ಹೋಯಿತು. ಇದೂ ಒಂದು ಆದೇಶವೇ.

ಯ² + 12 = 8ಯ

ಎರಡೂ ಕಡೆಯಿಂದ 8ಯ ಕಳೆದರೆ,

ಯ² – 8ಯ + 12 = 0

ಗುಣಿಸಿದರೆ 12, ಕೂಡಿದರೆ 8 ಆಗುವ ಎರಡು ಸಂಖ್ಯೆ ಬೇಕು. 1 ಮತ್ತು 12 ಕೂಡಿದರೆ 13. 3 ಮತ್ತು 4 ಕೂಡಿದರೆ 7. 2 ಮತ್ತು 6 ಕೂಡಿದರೆ 8. ಆದ್ದರಿಂದ,

(ಯ – 2)(ಯ – 6) = 0

ಗುಣಿಸಿ ನೋಡಿದರೆ ಮೊದಲಿನ ಬೀಜೋಕ್ತಿಯೇ ಬರುತ್ತದೆ. ಅಪವರ್ತನಕ್ಕೂ ತನ್ನದೇ ತಾಳೆ ಇದೆ.

ಸೊನ್ನೆಯ ಬಲ

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಲಗಡೆ ಸೊನ್ನೆಯೇ ಏಕೆ ಬೇಕು? ಎರಡು ಸಂಖ್ಯೆಗಳ ಗುಣಲಬ್ಧ 12 ಎಂದರೆ ಅವು ಯಾವುವು ಎಂದು ಹೇಳಲಾಗದು. 3 ಮತ್ತು 4 ಇರಬಹುದು, 2 ಮತ್ತು 6 ಇರಬಹುದು, ಅರ್ಧ ಮತ್ತು 24 ಕೂಡ ಇರಬಹುದು. ಆದರೆ ಗುಣಲಬ್ಧ ಸೊನ್ನೆ ಎಂದ ಕೂಡಲೇ ಒಂದು ಮಾತು ಖಚಿತ: ಎರಡರಲ್ಲಿ ಒಂದಾದರೂ ಸೊನ್ನೆ ಆಗಲೇಬೇಕು. ಬೇರೆ ದಾರಿಯೇ ಇಲ್ಲ. ಹಾಗಾಗಿ ಯ – 2 ಸೊನ್ನೆ, ಇಲ್ಲವೇ ಯ – 6 ಸೊನ್ನೆ. ಯ ಬೆಲೆ 2 ಅಥವಾ 6, ಹಿಂಡು 16 ಅಥವಾ 48. ಮೂರನೆಯ ಉತ್ತರ ಇಲ್ಲ ಎಂದು ಈಗ ಧೈರ್ಯವಾಗಿ ಹೇಳಬಹುದು. ಈ ಕಾರಣ ಹೇಳದೆ 'ಅಪವರ್ತಿಸಿ ಸೊನ್ನೆಗೆ ಸಮ ಮಾಡಿ' ಎಂದರೆ ಅದೂ ಇನ್ನೊಂದು ಮಂತ್ರವಾಗುತ್ತದೆ.

ಉತ್ತರ ಕಳೆದುಹೋಗುವುದು ಹೇಗೆಂದು ತೋರಿಸಲು ಇನ್ನೂ ಚಿಕ್ಕ ಉದಾಹರಣೆ ಇದೆ: ಯ² = 8ಯ. ಹಲವರು ಎರಡೂ ಕಡೆ ಯ ಹೊಡೆದುಹಾಕಿ ಯ = 8 ಎಂದು ಮುಗಿಸುತ್ತಾರೆ. ತಾಳೆ ನೋಡಿದರೆ 64 = 64, ಸರಿಯಾಗಿಯೇ ಇದೆ. ಆದರೆ ಯ = 0 ಕೂಡ ಒಪ್ಪುವ ಉತ್ತರ; ಅದು ಮಾಯವಾಯಿತು. ಯ ಸೊನ್ನೆ ಆಗಿರಬಹುದಾದಾಗ ಯ ಇಂದ ಭಾಗಿಸುವಂತಿಲ್ಲ. ಯ(ಯ – 8) = 0 ಎಂದು ಅಪವರ್ತಿಸಿದರೆ ಎರಡೂ ಉಳಿಯುತ್ತವೆ.

ಒಂದು ಕಡೆ ಸೊನ್ನೆ ಇಟ್ಟು ಸಮೀಕರಣವನ್ನು ಹೀಗೆ ಅಪವರ್ತನಗಳ ಗುಣಲಬ್ಧವಾಗಿ ನೋಡುವ ಕ್ರಮವನ್ನು ಬೆಳೆಸಿದವರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಪ್ರಮುಖರು. ಅವರು 1621ರಲ್ಲಿ ತೀರಿಕೊಂಡರು. ಅವರ ಬೀಜಗಣಿತದ ಪುಸ್ತಕ 1631ರಲ್ಲಿ ಅಚ್ಚಾಯಿತು. ಭಾಸ್ಕರಾಚಾರ್ಯರ ದಾರಿ ಬೇರೆ. ಶ್ರೀಧರಾಚಾರ್ಯರಿಂದ ಬಂದ, ವರ್ಗ ಪೂರ್ಣಗೊಳಿಸುವ ಕ್ರಮವನ್ನು ಅವರು ಬಳಸಿದರು. ನಮ್ಮ ಸಮೀಕರಣಕ್ಕೆ ಅದನ್ನು ಹಚ್ಚಿದರೆ, ಯ² – 8ಯ = –12; ಎರಡೂ ಕಡೆ 16 ಕೂಡಿಸಿದರೆ (ಯ – 4)² = 4; ಆದ್ದರಿಂದ ಯ – 4 ಎಂಬುದು 2 ಅಥವಾ –2. ಮತ್ತೆ ಅದೇ 6 ಮತ್ತು 2. ಅಪವರ್ತನಗಳು ಸುಲಭವಾಗಿ ಹೊಳೆಯದ ಸಮೀಕರಣಕ್ಕೂ ಈ ದಾರಿ ನಡೆಯುತ್ತದೆ. ಇದನ್ನೂ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು: ಪುಸ್ತಕದ ಲೆಕ್ಕಗಳು ಅಪವರ್ತನಕ್ಕೆ ಒಗ್ಗುವಂತೆ ಆರಿಸಿದವು, ಎಲ್ಲ ಸಮೀಕರಣಗಳೂ ಹಾಗೆ ಒಗ್ಗುವುದಿಲ್ಲ.

ಸಮೀಕರಣ ಒಪ್ಪಿದರೂ ಕಥೆ ಒಪ್ಪಬೇಕು

ಅದೇ ಗ್ರಂಥದಲ್ಲಿ ಇನ್ನೊಂದು ಕೋತಿ ಹಿಂಡಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗುಹೆಗೆ ಹೋದವು. ಒಂದೇ ಒಂದು ಕೊಂಬೆಯ ಮೇಲೆ ಕಾಣುತ್ತಿದೆ. ಒಟ್ಟು ಎಷ್ಟು?

ಮೂರು ಕಳೆದ ಮೇಲೆ ಉಳಿದದ್ದನ್ನು ಯ ಎಂದರೆ ಹಿಂಡು 5ಯ + 15. ಯ² + 1 = 5ಯ + 15, ಅಂದರೆ ಯ² – 5ಯ – 14 = 0, ಅಂದರೆ (ಯ – 7)(ಯ + 2) = 0. ಯ ಬೆಲೆ 7 ಅಥವಾ –2. ಹಿಂಡು 50 ಅಥವಾ 5.

50ನ್ನು ಪರೀಕ್ಷಿಸಿ: ಐದನೇ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಒಂದು ಸೇರಿ 50. ಈಗ 5: ಐದನೇ ಒಂದು ಭಾಗ 1, ಮೂರು ಕಳೆದರೆ –2, ವರ್ಗ 4, ಒಂದು ಸೇರಿ 5. ಅಂಕಿಗಳು ಒಪ್ಪುತ್ತವೆ. ಆದರೆ ಒಂದು ಕೋತಿಯಲ್ಲಿ ಮೂರು ಕೋತಿಗಳನ್ನು ಕಳೆಯುವುದು ಹೇಗೆ? ಭಾಸ್ಕರಾಚಾರ್ಯರು ಈ ಎರಡನೆಯ ಉತ್ತರವನ್ನು ಸ್ವೀಕರಿಸಲಿಲ್ಲ. ಇಂಥ ಕಡೆ ಋಣ ಸಂಖ್ಯೆಯನ್ನು ಲೋಕ ಒಪ್ಪುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಮೊದಲ ಹಿಂಡಿನ ಲೆಕ್ಕದಲ್ಲಿ ಎರಡೂ ಉತ್ತರ ಒಪ್ಪಿದವರೇ ಇಲ್ಲಿ ಒಂದನ್ನು ಬಿಟ್ಟರು. ಹೀಗೆ ವಿವೇಚಿಸಲು ಸೂತ್ರವೊಂದೇ ಸಾಲದು. ಉತ್ತರವನ್ನು ಕಥೆಗೆ ಮರಳಿ ಒಯ್ದು ನೋಡಬೇಕು.

ಬಿಡಿಸಲು ಹೈಸ್ಕೂಲು, ತಾಳೆಗೆ ಐದನೇ ತರಗತಿ

"ವರ್ಗ ಸಮೀಕರಣ ಹೈಸ್ಕೂಲಿನ ಪಾಠ, ಪ್ರಾಥಮಿಕ ಶಾಲೆಯವರಿಗೆ ಇದೇಕೆ?" ಎಂದು ನೀವು ಕೇಳಬಹುದು. ಬಿಡಿಸುವುದು ಹೈಸ್ಕೂಲಿನದು, ನಿಜ. ಆದರೆ ತಾಳೆ ನೋಡಲು ಗುಣಾಕಾರ, ಭಾಗಾಕಾರ ಬಂದರೆ ಸಾಕು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಒಂದು ನವಿಲಿನ ಲೆಕ್ಕವಿದೆ. ನವಿಲುಗಳ ಹದಿನಾರನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟು ಮಾವಿನ ಮರದ ಮೇಲಿವೆ. ಉಳಿದವುಗಳ ಒಂಬತ್ತನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟು, ಜೊತೆಗೆ ಇನ್ನೂ 14, ತಮಾಲ ಮರಗಳಲ್ಲಿವೆ. ಇದನ್ನು ಬಿಡಿಸಲು ದೊಡ್ಡವರೂ ಬೆವರಬೇಕು. ಆದರೆ ಕಪ್ಪುಹಲಗೆಯ ಮೇಲೆ 100, 112, 128, 144 ಎಂದು ಬರೆದು, "ಇವುಗಳಲ್ಲಿ ಯಾವುದು ಸರಿ?" ಎಂದು ಕೇಳಿ. 144ರ ಹದಿನಾರನೇ ಒಂದು ಭಾಗ 9, ಮಾವಿನ ಮರದಲ್ಲಿ 81, ಉಳಿದದ್ದು 63. ಅದರ ಒಂಬತ್ತನೇ ಒಂದು ಭಾಗ 7, ವರ್ಗ 49, 14 ಸೇರಿದರೆ 63. ಸರಿಹೋಯಿತು ಎಂದು ಕೂಗಿದವರಿಗೆ, "ಬೇರೆ ಯಾವುದೂ ಇಲ್ಲವೇ?" ಎಂದು ಕೇಳಿ. 112 ಕೂಡ ತಾಳೆಯಾಗುವುದನ್ನು ಅವರೇ ಕಂಡುಹಿಡಿಯಲಿ.

ಸಮಯ ಎಲ್ಲಿದೆ?

"ಪಾಠ ಮುಗಿಸುವುದೇ ಕಷ್ಟ, ಇನ್ನು ತಾಳೆಗೆ ಸಮಯವೆಲ್ಲಿ?" ಇದು ನ್ಯಾಯವಾದ ಪ್ರಶ್ನೆ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳಲ್ಲಿ ಇದು ಇನ್ನೂ ನಿಜ. ಆದರೆ ಮೂವತ್ತು ನೋಟ್‌ಬುಕ್‌ಗಳನ್ನು ಒಂದೊಂದಾಗಿ ತಿದ್ದುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ತಾಳೆ ನೋಡುವ ಅಭ್ಯಾಸ ಬಂದ ತರಗತಿಯಲ್ಲಿ ಮಕ್ಕಳೇ ತಮ್ಮ ಮೊದಲ ಪರೀಕ್ಷಕರು. ನಿಮ್ಮ ಬಳಿ ಬರುವುದು ತಾಳೆಯಾಗದೆ ಉಳಿದ ಲೆಕ್ಕ ಮಾತ್ರ. ನಿಮ್ಮ ಸಮಯ ಖರ್ಚಾಗಬೇಕಾದದ್ದೂ ಅಲ್ಲಿಯೇ.

ನಿಜವಾದ ಅಡ್ಡಿ ನಾವು ಅಂಕ ಕೊಡುವ ರೀತಿಯಲ್ಲಿದೆ. ಕೊನೆಯ ಸಾಲಿಗೆ ಅಂಕವಿದೆ, ತಾಳೆಯ ಸಾಲಿಗೆ ಇಲ್ಲ. ಅಂಕವಿಲ್ಲದ ಸಾಲನ್ನು ಯಾವ ಮಗು ಬರೆದೀತು?

ಹೀಗೆ ಮಾಡಿ ನೋಡಿ

ಮೊದಲನೆಯದಾಗಿ, ಘಟಕ ಪರೀಕ್ಷೆಗಳಲ್ಲಿ ನಾಲ್ಕು ಅಂಕದ ಲೆಕ್ಕಕ್ಕೆ ಒಂದು ಅಂಕವನ್ನು ತಾಳೆಗೆ ಮೀಸಲಿಡಿ. ಉತ್ತರ ತಪ್ಪಾಗಿದ್ದರೂ ಪ್ರಾಮಾಣಿಕವಾಗಿ ತಾಳೆ ನೋಡಿ, 'ತಾಳೆಯಾಗಲಿಲ್ಲ' ಎಂದು ಬರೆದ ಮಗುವಿಗೆ ಆ ಅಂಕ ಕೊಡಿ. ತನ್ನ ಉತ್ತರ ತಪ್ಪು ಎಂದು ತಿಳಿದಿರುವ ಮಗುವಿಗೂ, ತಪ್ಪನ್ನು ಸರಿ ಎಂದು ನಂಬಿರುವ ಮಗುವಿಗೂ ಬಹಳ ವ್ಯತ್ಯಾಸವಿದೆ.

ಎರಡನೆಯದಾಗಿ, ಹಿಂದುಮುಂದಾಗಿ ಲೆಕ್ಕ ಮಾಡಿಸಿ. ಗುಣಾಕಾರ ಬಲ್ಲ ಮೇಲಿನ ತರಗತಿಯ ಮಗು ಗುಟ್ಟಾಗಿ 3 ಮತ್ತು 4 ಆರಿಸಿಕೊಳ್ಳಲಿ. (ಯ – 3)(ಯ – 4) ಗುಣಿಸಿದರೆ ಯ² – 7ಯ + 12. ಅದನ್ನು ಸೊನ್ನೆಗೆ ಸಮ ಮಾಡಿ ಗೆಳತಿಗೆ ಕೊಡಲಿ. ಅವಳು ಆ ಗುಟ್ಟಿನ ಸಂಖ್ಯೆಗಳನ್ನು ಹುಡುಕಲಿ. ತಾನೇ ಕಟ್ಟಿದ ಸಮೀಕರಣಕ್ಕೆ ಯಾವ ಮಗುವೂ ಹೆದರುವುದಿಲ್ಲ.

ಮೂರನೆಯದಾಗಿ, ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಒಂದು ದೊಡ್ಡ ಚೌಕ, ಚೌಕದಷ್ಟೇ ಉದ್ದದ ಐದು ಕಿರುಪಟ್ಟಿ, ಪಟ್ಟಿಯ ಅಗಲದಷ್ಟೇ ಬಾಹುವಿನ ಆರು ಪುಟ್ಟ ಚೌಕ ಕತ್ತರಿಸಿ. ದೊಡ್ಡ ಚೌಕದ ಬಾಹು ಯ, ಪುಟ್ಟ ಚೌಕದ ಬಾಹು 1 ಎಂದಿರಲಿ. ಎಲ್ಲವನ್ನೂ ಸೇರಿಸಿ ಒಂದು ಆಯತ ಮಾಡಲು ಹೇಳಿ. ಅದರ ಬಾಹುಗಳು ಯ + 2 ಮತ್ತು ಯ + 3 ಆಗುತ್ತವೆ. ಯ² + 5ಯ + 6ರ ಅಪವರ್ತನ ಬೆಂಚಿನ ಮೇಲೆ ಕಣ್ಣಿಗೆ ಕಾಣುತ್ತದೆ.

ನಮ್ಮ ಶಾಲೆಗಳಲ್ಲಿ ಕಲಿಯುವ ಎಲ್ಲ ಮಕ್ಕಳೂ ಮುಂದೆ ವರ್ಗ ಸಮೀಕರಣಗಳನ್ನು ಬಿಡಿಸುತ್ತಾ ಕೂರುವುದಿಲ್ಲ. ಆದರೆ ಎಲ್ಲರೂ ಅಂಗಡಿಯ ಚೀಟಿ, ಸಾಲದ ಬಡ್ಡಿ, ಕೂಲಿಯ ಲೆಕ್ಕ, ಸ್ವಸಹಾಯ ಸಂಘದ ಪುಸ್ತಕ ನೋಡಲೇಬೇಕು. ಎದುರಿಗಿರುವ ಸಂಖ್ಯೆಯನ್ನು ಕೊಟ್ಟವರ ಮುಖ ನೋಡಿ ನಂಬುವುದು ಒಂದು ಬಗೆ. ಆ ಸಂಖ್ಯೆಯನ್ನು ಅದು ಬಂದ ಜಾಗಕ್ಕೇ ಮರಳಿ ಇಟ್ಟು ನೋಡಿ, ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಹುಡುಕುವುದು ಇನ್ನೊಂದು ಬಗೆ. ಎರಡನೆಯದನ್ನು ಕಲಿಸಲು ಬೀಜಗಣಿತದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ನಾಳೆಯ ಅವಧಿಯಲ್ಲಿ ಒಂದೇ ಒಂದು ಲೆಕ್ಕಕ್ಕೆ ಸರಿ, ತಪ್ಪು ಗುರುತು ಹಾಕದೆ, ಅದರ ತಾಳೆಯನ್ನು ಮಕ್ಕಳಿಂದಲೇ ಬರೆಸಿ ನೋಡಿ.